ದೊಡ್ಡ ಪ್ರೊಪೆಲ್ಲರ್ ಹಾಕಿದರೆ ವಿಮಾನ ಜೋರಾಗಿ ಹಾರುತ್ತದೆಯೇ?

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ನಮ್ಮ ಮನೆಯ ಅಟ್ಟ ಹತ್ತಿದಳು. ಏಳನೇ ತರಗತಿ ಮುಗಿಸಿದ ಹುಡುಗಿ, ಸುಮ್ಮನೆ ಕೂರುವ ವಯಸ್ಸಲ್ಲ. ಅರ್ಧ ಗಂಟೆಯ ನಂತರ ಮೈಯೆಲ್ಲ ಧೂಳು ಮಾಡಿಕೊಂಡು ಇಳಿದಾಗ ಅವಳ ಕೈಯಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬವಿತ್ತು. ಒಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಒಂದು ಪುಟ್ಟ ಎಂಜಿನ್, ನಾಲ್ಕು ಪ್ರೊಪೆಲ್ಲರ್‌ಗಳು, ಜೊತೆಗೆ ಮುರಿದ ಮರದ ಒಂದು ತುಂಡು.

ಎಂಜಿನ್ ನನ್ನದೇ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, 1980ರ ದಶಕದಲ್ಲಿ, ಕಲ್ಕತ್ತೆಯಿಂದ ಅಂಚೆಯಲ್ಲಿ ತರಿಸಿಕೊಂಡ 1.5 ಸಿಸಿಯ ಅರೋರಾ ಡೀಸೆಲ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮೂಸಿ ನೋಡಿದರೆ ಇನ್ನೂ ಹರಳೆಣ್ಣೆಯ ವಾಸನೆ.

ಮೊಮ್ಮಗಳು ಪ್ರೊಪೆಲ್ಲರ್‌ಗಳನ್ನು ಜಗಲಿಯ ಮೇಲೆ ಸಾಲಾಗಿ ಜೋಡಿಸಿದಳು. ಎಲ್ಲಕ್ಕಿಂತ ಉದ್ದದ್ದನ್ನು ಎತ್ತಿಕೊಂಡು, "ತಾತ, ಇದನ್ನೇ ಹಾಕೋಣ. ದೊಡ್ಡದಿದ್ರೆ ಜೋರಾಗಿ ಹಾರುತ್ತೆ ಅಲ್ವಾ?" ಎಂದಳು.

ನನಗೆ ಎದೆ ಒಮ್ಮೆ ಧಸಕ್ಕೆಂದಿತು. ಇದೇ ಮಾತನ್ನು ನಾನೂ ಒಮ್ಮೆ ನನ್ನ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಆ ಮುರಿದ ತುಂಡು ಅದರದೇ ಗುರುತು. ಆ ಕತೆಗೆ ಆಮೇಲೆ ಬರುತ್ತೇನೆ. ಮೊದಲು ಅವಳ ಪ್ರಶ್ನೆಗೆ ಉತ್ತರ ಹುಡುಕೋಣ.

ತಂತಿಯ ತುದಿಯ ವಿಮಾನ

ಮಕ್ಕಳೇ, ಈಗ ನೀವು ನೋಡುವ ಡ್ರೋನ್‌ಗಳಿಗೆ ರಿಮೋಟ್ ಇರುತ್ತದೆ. ನಾನು ಹೇಳುತ್ತಿರುವ ವಿಮಾನಕ್ಕೆ ಅದಿಲ್ಲ. ಇದಕ್ಕೆ ಕಂಟ್ರೋಲ್ ಲೈನ್ ಎಂದು ಹೆಸರು. ವಿಮಾನದ ಎಡ ರೆಕ್ಕೆಯಿಂದ ಎರಡು ಸಣ್ಣ ಉಕ್ಕಿನ ತಂತಿಗಳು ಹೊರಟು ನಮ್ಮ ಕೈಯಲ್ಲಿರುವ ಹಿಡಿಗೆ ಬಂದು ಸೇರುತ್ತವೆ. ನಾವು ನಡುವೆ ನಿಂತು ತಿರುಗುತ್ತೇವೆ, ವಿಮಾನ ನಮ್ಮ ಸುತ್ತ ಸುತ್ತುತ್ತದೆ. ಹಿಡಿಯನ್ನು ಮೇಲಕ್ಕೆ ಬಾಗಿಸಿದರೆ ಒಂದು ತಂತಿ ಎಳೆದು, ವಿಮಾನದ ಬಾಲದಲ್ಲಿರುವ ಹಲಗೆ ಏಳುತ್ತದೆ, ವಿಮಾನ ಮೇಲೇರುತ್ತದೆ. ಕೆಳಕ್ಕೆ ಬಾಗಿಸಿದರೆ ಇಳಿಯುತ್ತದೆ. ಇಷ್ಟೇ. ಆದರೆ ಈ ಇಷ್ಟೂ ನಡೆಯಬೇಕಾದರೆ ತಂತಿ ಸದಾ ಬಿಗಿಯಾಗಿರಬೇಕು. ಸಡಿಲವಾಯಿತೋ, ನಾವು ಏನು ಮಾಡಿದರೂ ವಿಮಾನಕ್ಕೆ ಗೊತ್ತಾಗುವುದಿಲ್ಲ.

ಇನ್ನು ಎಂಜಿನ್. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಗಮನಿಸಿದ್ದೀರಾ? ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಈ ಎಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನೂ ಇಂಧನವನ್ನೂ ಒಟ್ಟಿಗೆ ಗಟ್ಟಿಯಾಗಿ ಒತ್ತಿದಾಗ ಆ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಇಂಧನವೆಂದರೆ ಸೀಮೆಎಣ್ಣೆ, ಹರಳೆಣ್ಣೆ ಮತ್ತು ಈಥರ್, ಹೆಚ್ಚುಕಡಿಮೆ ಸಮಪಾಲು. ಈಥರ್ ಬೇಗ ಹೊತ್ತುತ್ತದೆ, ಸೀಮೆಎಣ್ಣೆ ಶಕ್ತಿ ಕೊಡುತ್ತದೆ, ಹರಳೆಣ್ಣೆ ಪಿಸ್ಟನ್ ಸವೆಯದಂತೆ ಕಾಯುತ್ತದೆ. ಎಂಜಿನ್ನಿನ ತಲೆಯ ಮೇಲೆ ಒಂದು ತಿರುಪು ಇದೆ. ಅದನ್ನು ಬಿಗಿ ಮಾಡಿದರೆ ಒತ್ತಡ ಹೆಚ್ಚುತ್ತದೆ, ಸಡಿಲಿಸಿದರೆ ಕಡಿಮೆಯಾಗುತ್ತದೆ.

ಎರಡು ಅಂಕಿಗಳ ಗುಟ್ಟು

ಪ್ರೊಪೆಲ್ಲರ್ ಮೇಲೆ ಎರಡು ಅಂಕಿಗಳು ಅಚ್ಚಾಗಿರುತ್ತವೆ: 8×4, 7×6, ಹೀಗೆ. ಮೊಮ್ಮಗಳು ಅದನ್ನು ಮಗ್ಗಿ ಎಂದುಕೊಂಡಿದ್ದಳು. "ಎಂಟು ನಾಲ್ಕಲಿ ಮೂವತ್ತೆರಡು. ಮೂವತ್ತೆರಡು ಏನು ತಾತ?"

ಗುಣಿಸಬಾರದು ಪುಟ್ಟಿ. ಮೊದಲ ಅಂಕಿ ವ್ಯಾಸ, ಅಂದರೆ ಒಂದು ಅಲಗಿನ ತುದಿಯಿಂದ ಇನ್ನೊಂದು ಅಲಗಿನ ತುದಿಯವರೆಗಿನ ಉದ್ದ, ಅಂಗುಲಗಳಲ್ಲಿ. ಎರಡನೆಯದು ಪಿಚ್. ಮರಕ್ಕೆ ತಿರುಪುಮೊಳೆಯನ್ನು ಹಾಕಿ ಒಂದು ಸುತ್ತು ತಿರುಗಿಸಿದರೆ ಅದು ಒಂದಿಷ್ಟು ಒಳಗೆ ಹೋಗುತ್ತದಲ್ಲ, ಹಾಗೆ ಪ್ರೊಪೆಲ್ಲರ್ ಗಾಳಿಯಲ್ಲಿ ಒಂದು ಸುತ್ತು ತಿರುಗಿದರೆ ಲೆಕ್ಕದ ಪ್ರಕಾರ ಎಷ್ಟು ಮುಂದೆ ಹೋಗಬೇಕೋ ಅದೇ ಪಿಚ್. 8×4 ಎಂದರೆ 8 ಅಂಗುಲ ಉದ್ದ, ಸುತ್ತಿಗೆ 4 ಅಂಗುಲ ಮುಂದೆ.

ಅಲಗು ನೋಡಿದರೂ ಗೊತ್ತಾಗುತ್ತದೆ. ಪಿಚ್ ಕಡಿಮೆಯಿದ್ದರೆ ಅಲಗು ಚಪ್ಪಟೆಯಾಗಿ ಮಲಗಿದಂತಿರುತ್ತದೆ, ಹೆಚ್ಚಿದ್ದರೆ ಓರೆಯಾಗಿ ಎದ್ದಿರುತ್ತದೆ.

ಈಗ ಒಂದು ಲೆಕ್ಕ. ಪಿಚ್ 4 ಅಂಗುಲವೆಂದರೆ 10 ಸೆಂಟಿಮೀಟರಿಗಿಂತ ತುಸು ಹೆಚ್ಚು. ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗಿದರೆ ನಿಮಿಷಕ್ಕೆ ಸುಮಾರು 914 ಮೀಟರ್, ಅಂದರೆ ಗಂಟೆಗೆ ಸುಮಾರು 55 ಕಿ.ಮೀ. ಅದೇ ಸುತ್ತಿನಲ್ಲಿ ಪಿಚ್ 6 ಅಂಗುಲವಾದರೆ ಗಂಟೆಗೆ 82 ಕಿ.ಮೀ. ಗಾಳಿ ಮರದಷ್ಟು ಗಟ್ಟಿಯಲ್ಲ, ಜಾರುತ್ತದೆ. ವಿಮಾನದ ಮೈಗೆ ಗಾಳಿಯ ತಡೆಯೂ ಇದೆ. ಹಾಗಾಗಿ ನಿಜವಾದ ವೇಗ ಲೆಕ್ಕಕ್ಕಿಂತ ಕಡಿಮೆ.

ಇಷ್ಟು ಕೇಳಿದ ಕೂಡಲೇ ಮೊಮ್ಮಗಳು, "ಹಾಗಾದ್ರೆ ಎರಡೂ ಅಂಕಿ ದೊಡ್ಡದಿರೋದನ್ನ ಹಾಕಿದ್ರೆ ಆಯ್ತಲ್ಲ!" ಎಂದಳು. ಅವಳ ಕೈಯಲ್ಲಿದ್ದದ್ದು 9×6. ಒಂದು ವಿಷಯ ಅವಳು ಮರೆತಿದ್ದಳು. ಪ್ರೊಪೆಲ್ಲರ್ ತಾನಾಗಿ ತಿರುಗುವುದಿಲ್ಲ, ಎಂಜಿನ್ ಅದನ್ನು ತಿರುಗಿಸಬೇಕು.

ಹೊರೆಯ ಲೆಕ್ಕ

ನಾನು ಬಿ.ಕಾಂ. ಓದಿದವನು, ಎಂಜಿನಿಯರ್ ಅಲ್ಲ. ಆದರೆ ಮೂವತ್ತೈದು ವರ್ಷ ಲೆಡ್ಜರ್ ಬರೆದವನಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲಾಗುವುದಿಲ್ಲ. ಎಂಜಿನ್ ಕೂಡ ಒಂದು ಖಾತೆ. ಅದರಲ್ಲಿರುವ ಶಕ್ತಿ ಇಷ್ಟೇ. ಪ್ರೊಪೆಲ್ಲರ್ ಅದನ್ನು ಖರ್ಚು ಮಾಡುತ್ತದೆ.

ಎಷ್ಟು ಖರ್ಚು? ಸುತ್ತುವ ವೇಗ ಒಂದೇ ಇದ್ದಾಗ, ಪಿಚ್ ಒಂದೂವರೆ ಪಟ್ಟಾದರೆ ಹೊರೆಯೂ ಸುಮಾರು ಒಂದೂವರೆ ಪಟ್ಟಾಗುತ್ತದೆ. ವ್ಯಾಸದ ಕತೆ ಬೇರೆ. ಅದನ್ನು ನಾಲ್ಕು ಸಲ ಗುಣಿಸಬೇಕು. 8×8×8×8 ಎಂದರೆ 4,096. 9×9×9×9 ಎಂದರೆ 6,561. ವ್ಯಾಸ ಒಂದೇ ಒಂದು ಅಂಗುಲ ಹೆಚ್ಚಿದರೂ ಹೊರೆ 1.6 ಪಟ್ಟು! ಮೊಮ್ಮಗಳು ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಒತ್ತಿ ನೋಡಿ ನಂಬಿದಳು.

ಈಗ 8×4 ತೆಗೆದು 9×6 ಹಾಕಿದರೆ? ವ್ಯಾಸಕ್ಕೆ 1.6 ಪಟ್ಟು, ಪಿಚ್‌ಗೆ 1.5 ಪಟ್ಟು, ಒಟ್ಟು 2.4 ಪಟ್ಟು ಹೊರೆ. ಒಂದು ಬಿಂದಿಗೆ ನೀರು ಹೊರುವವನ ತಲೆಗೆ ಎರಡೂವರೆ ಬಿಂದಿಗೆ ಇಟ್ಟಂತೆ. ಎಂಜಿನ್ ನಿಲ್ಲದಿರಬಹುದು, ಆದರೆ ಅದರ ಸುತ್ತು ಕುಸಿಯುತ್ತದೆ. ಸುತ್ತು ಕುಸಿದ ಮೇಲೆ ಪಿಚ್ ಎಷ್ಟಿದ್ದರೇನು?

ಸಣ್ಣದನ್ನು ಹಾಕಿದರೆ ಒಳ್ಳೆಯದೇ? ಅದೂ ಅಲ್ಲ. ತೀರಾ ಸಣ್ಣ, ಹಗುರ ಪ್ರೊಪೆಲ್ಲರ್ ಹಾಕಿದರೆ ಡೀಸೆಲ್ ಎಂಜಿನ್ ಚಾಲೂ ಮಾಡುವುದೇ ಕಷ್ಟ. ಬೀಸುಕಲ್ಲು ತನ್ನ ಭಾರದಿಂದಲೇ ಅರ್ಧ ಸುತ್ತು ಮುಂದೆ ಹೋಗುವುದಿಲ್ಲವೇ? ಹಾಗೆ ಪ್ರೊಪೆಲ್ಲರಿನ ಭಾರವೇ ಪಿಸ್ಟನ್ನನ್ನು ಒತ್ತಡದ ಗಡಿ ದಾಟಿಸಬೇಕು. ಅಷ್ಟು ಭಾರ ಇಲ್ಲದಿದ್ದರೆ ಅದು ಹಿಮ್ಮುಖವಾಗಿ ಒದ್ದು ಬೆರಳಿಗೆ ಬಾರಿಸುತ್ತದೆ.

1903ರ ಡಿಸೆಂಬರ್ 17ರಂದು ಮೊದಲ ವಿಮಾನ ಹಾರಿಸಿದ ರೈಟ್ ಸಹೋದರರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಅವರ ಎಂಜಿನ್ನಿನದು ಬರೀ 12 ಅಶ್ವಶಕ್ತಿಯ ಆಸುಪಾಸು. ಪ್ರೊಪೆಲ್ಲರ್‌ಗಳು ಎರಡು, ಒಂದೊಂದೂ ಎಂಟೂವರೆ ಅಡಿ. ಅಷ್ಟು ದೊಡ್ಡದನ್ನು ಹೇಗೆ ತಿರುಗಿಸಿದರು? ಅವರು ಸೈಕಲ್ ಅಂಗಡಿಯವರು. ಸೈಕಲ್ಲಿನಂತೆ ಹಲ್ಲುಚಕ್ರ, ಚೈನು ಹಾಕಿ, ಎಂಜಿನ್ ಬೇಗ ತಿರುಗಿದರೂ ಪ್ರೊಪೆಲ್ಲರ್ ನಿಧಾನ ತಿರುಗುವಂತೆ ಮಾಡಿದರು. ನಮ್ಮ ಪುಟ್ಟ ಎಂಜಿನ್ನಿಗೆ ಚೈನಿಲ್ಲ. ಪ್ರೊಪೆಲ್ಲರ್ ನೇರವಾಗಿ ಅದರ ಮೂಗಿಗೇ ಕೂರುತ್ತದೆ. ಆದ್ದರಿಂದ ಆರಿಸುವಾಗಲೇ ಹೊಂದಿಸಿ ಆರಿಸಬೇಕು.

ಡೀಸೆಲ್‌ಗೆ ರೂಢಿಯಲ್ಲಿರುವ ಅಳತೆ ಹೀಗಿದೆ. 1 ಸಿಸಿ ಎಂಜಿನ್ನಿಗೆ 7×4. 1.5 ಸಿಸಿಗೆ 8×4 ಅಥವಾ 7×6. 2.5 ಸಿಸಿಗೆ 9×4 ಅಥವಾ 8×6. 3.5 ಸಿಸಿಗೆ 9×6. ಒಂದೇ ಎಂಜಿನ್ನಿಗೆ ಎರಡು ಅಳತೆ ಇರುವುದನ್ನು ಗಮನಿಸಿ: ವ್ಯಾಸ ಕಡಿಮೆ ಮಾಡಿದರೆ ಪಿಚ್ ಹೆಚ್ಚಿಸಬಹುದು, ಪಿಚ್ ಕಡಿಮೆ ಮಾಡಿದರೆ ವ್ಯಾಸ ಹೆಚ್ಚಿಸಬಹುದು. ಎರಡನ್ನೂ ಒಟ್ಟಿಗೆ ಏರಿಸಲಾಗದು.

ಈ ಪಟ್ಟಿ ಹೇಳಿ ಮುಗಿಸುವಾಗ ಮೊಮ್ಮಗಳು ಆ ಮುರಿದ ಮರದ ತುಂಡನ್ನು ಬೆಳಕಿಗೆ ಹಿಡಿದಿದ್ದಳು. "ತಾತ, ಇದರ ಮೇಲೂ 9×6 ಅಂತಿದೆ. ಇದು ಯಾಕೆ ಮುರೀತು?"

1969ರ ಒಂದು ಬೆಳಿಗ್ಗೆ

ಬೆಂಗಳೂರಿನಲ್ಲಿ ಬೆಳೆದ ನಮ್ಮಂಥ ಹುಡುಗರಿಗೆ ವಿಮಾನದ ಹುಚ್ಚು ಹಿಡಿಯುವುದು ಕಷ್ಟವಿರಲಿಲ್ಲ. ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲು ಹಾರಿದ್ದು ಇದೇ ಊರಿನಲ್ಲಿ. ತಲೆಯ ಮೇಲೆ ಸದ್ದಾದರೆ ಸಾಕು, ಗೋಲಿ ಬಿಟ್ಟು ಬೀದಿಗೆ ಓಡುತ್ತಿದ್ದೆವು. ಕಾಲೇಜು ಸೇರಿದಾಗ ನಾನು ಎನ್‌ಸಿಸಿ ಏರ್ ವಿಂಗ್ ಸೇರಿದ್ದೂ ಅದಕ್ಕೇ. ಅಲ್ಲಿ ಮಾದರಿ ವಿಮಾನ ಕಟ್ಟಿ ಹಾರಿಸುವುದನ್ನು ಕಲಿಸುತ್ತಿದ್ದರು.

ನಮ್ಮ ತಂಡಕ್ಕೆ ಇದ್ದದ್ದು ಒಂದೇ ವಿಮಾನ, 1.5 ಸಿಸಿಯ ಒಂದೇ ಎಂಜಿನ್. ಹಾರಿಸುವವನು ನನ್ನ ಗೆಳೆಯ. ಅವನ ಕೈ ಎಷ್ಟು ಹದವಾಗಿತ್ತೆಂದರೆ ವಿಮಾನ ಭುಜದ ಎತ್ತರದಲ್ಲಿ ಗೆರೆ ಎಳೆದಂತೆ ಸುತ್ತುತ್ತಿತ್ತು. ನಾನು ಎಂಜಿನ್ ನೋಡಿಕೊಳ್ಳುವವನು. ಶಿಬಿರದಲ್ಲಿ ಸ್ಪರ್ಧೆಯಿತ್ತು. ಹತ್ತು ಸುತ್ತನ್ನು ಯಾರು ಬೇಗ ಮುಗಿಸುತ್ತಾರೆ ಎಂಬುದು.

ಉಸ್ತಾದರು 8×4 ಹಾಕಿಸಿದ್ದರು. ನನಗೆ ಅದು ಸಪ್ಪೆ ಎನಿಸಿತು. ಸಾಮಾನಿನ ಪೆಟ್ಟಿಗೆಯಲ್ಲಿ ಮರದ ಹೊಸ 9×6 ಇತ್ತು. ಯಾರಿಗೂ ಹೇಳದೆ ಬದಲಿಸಿದೆ. ಗೆಳೆಯನಿಗೂ ಹೇಳಲಿಲ್ಲ. ಗೆದ್ದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ಎಂಜಿನ್ ಮೊದಲ ಏಟಿಗೇ ಚಾಲೂ ಆಯಿತು. ದೊಡ್ಡ ಪ್ರೊಪೆಲ್ಲರಿನ ಭಾರಕ್ಕೆ ಅದು ಸಹಜ. ಸದ್ದು ಗಡಸಾಗಿತ್ತು, ಹಿಂದೆ ಬೀಸುವ ಗಾಳಿಯೂ ಜೋರಾಗಿತ್ತು. ಆದರೆ ಸುತ್ತು ಕಡಿಮೆ ಎನಿಸಿ ತಲೆಯ ತಿರುಪನ್ನು ಇನ್ನಷ್ಟು ಬಿಗಿ ಮಾಡಿದೆ. ಅದು ಎರಡನೇ ತಪ್ಪು. ಹೊರೆ ಹೆಚ್ಚಾದರೆ ಒತ್ತಡ ಇಳಿಸಬೇಕು, ನಾನು ಏರಿಸಿದೆ.

ವಿಮಾನ ಒಲ್ಲದ ಮನಸ್ಸಿನಿಂದ ನೆಲ ಬಿಟ್ಟಿತು. ಎರಡು ಸುತ್ತು ಹೇಗೋ ಆಯಿತು. ಮೂರನೆಯದರಲ್ಲಿ ಎಂಜಿನ್ ಕಾದು ಸದ್ದು ಕುಗ್ಗಿತು. ಆಗಲೇ ಗಾಳಿ ಬೀಸಿ, ವಿಮಾನವನ್ನು ನಡುವೆ ನಿಂತ ಗೆಳೆಯನ ಕಡೆಗೆ ತಳ್ಳಿತು. ತಂತಿ ಜೋತುಬಿತ್ತು. ಅವನು ತಂತಿ ಬಿಗಿ ಮಾಡಲು ಹಿಂದಕ್ಕೆ ಓಡಿದ. ಆದರೂ ಸಾಲಲಿಲ್ಲ. ವಿಮಾನ ರೆಕ್ಕೆ ಕೆಳಗೆ ಮಾಡಿ ನೆಲಕ್ಕೆ ಬಿತ್ತು.

ರೆಕ್ಕೆ ಎರಡಾಗಿತ್ತು. ಪ್ರೊಪೆಲ್ಲರ್ ಪುಡಿಪುಡಿ. ಎಲ್ಲರೂ ಓಡಿ ಬರುವ ಮೊದಲು ನಾನು ನಡುವಿನ ತುಂಡನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅದರ ಮೇಲೆ ಅಂಕಿ ಇತ್ತಲ್ಲ. ಉಸ್ತಾದರು ಗೆಳೆಯನಿಗೆ, "ಗಾಳಿಗೆ ಹೆದರಿಬಿಟ್ಟೆ. ಕೈ ಗಟ್ಟಿ ಇಲ್ಲ" ಎಂದರು. ಅವನು ತಲೆ ತಗ್ಗಿಸಿ ನಿಂತ. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಅವನು ಮತ್ತೆ ಹಿಡಿ ಮುಟ್ಟಲಿಲ್ಲ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಮೇಲೆ ಅವರಿಗೆ ಹೇಳಿದ್ರಾ ತಾತ?" ಎಂದಳು. ನಾನು ಎದ್ದು ನೀರು ಕುಡಿಯಲು ಒಳಗೆ ಹೋದೆ.

ತಂತಿಯ ಬಿಗಿ ಎಲ್ಲಿಂದ ಬರುತ್ತದೆ?

ಹಳೆಯ ವಿಮಾನ ಇಲಿಗಳ ಪಾಲಾಗಿತ್ತು. ಒಂದು ತಿಂಗಳು ಕೂತು ಬಾಲ್ಸಾ ಮರದಲ್ಲಿ ಹೊಸದನ್ನು ಕಟ್ಟಿದೆವು. ತೂಕ 400 ಗ್ರಾಂ. ತಂತಿ, ಕೈ ಎಲ್ಲ ಸೇರಿ ಸುತ್ತಿನ ತ್ರಿಜ್ಯ 12 ಮೀಟರ್. ಒಂದು ಸುತ್ತಿಗೆ 75 ಮೀಟರ್ ಚಿಲ್ಲರೆ.

ಬಕೆಟ್ಟಿನಲ್ಲಿ ನೀರು ತುಂಬಿ ಗರಗರ ತಿರುಗಿಸಿದರೆ ಅದು ನಮ್ಮ ಕೈಯನ್ನು ಹೊರಕ್ಕೆ ಜಗ್ಗುತ್ತದೆ. ವಿಮಾನವೂ ಹಾಗೇ ಜಗ್ಗುತ್ತದೆ, ಅದರಿಂದಲೇ ತಂತಿ ಬಿಗಿಯಾಗಿರುವುದು. ವೇಗ ಎರಡು ಪಟ್ಟಾದರೆ ಜಗ್ಗುವ ಬಲ ನಾಲ್ಕು ಪಟ್ಟಾಗುತ್ತದೆ. ವೇಗ ಅರ್ಧಕ್ಕಿಳಿದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. 1969ರಲ್ಲಿ ನಡೆದದ್ದು ಅದೇ. ಪ್ರೊಪೆಲ್ಲರ್ ದೊಡ್ಡದಾಗಿ ಎಂಜಿನ್ ಕುಸಿಯಿತು, ಎಂಜಿನ್ ಕುಸಿದು ವೇಗ ಇಳಿಯಿತು, ವೇಗ ಇಳಿದು ತಂತಿ ಸಡಿಲವಾಯಿತು. ಹಿಡಿ ಹಿಡಿದವನ ಕೈ ಎಷ್ಟೇ ಗಟ್ಟಿಯಿದ್ದರೂ ಸಡಿಲ ತಂತಿಯಲ್ಲಿ ಏನೂ ಮಾಡಲಾಗದು.

ಆದ್ದರಿಂದ ಪ್ರೊಪೆಲ್ಲರ್ ಆರಿಸುವಾಗ ಕೇಳಬೇಕಾದ ಪ್ರಶ್ನೆ "ಯಾವುದು ಜೋರು?" ಎಂಬುದಲ್ಲ. "ಈ ಎಂಜಿನ್ನಿಗೆ, ಈ ವಿಮಾನಕ್ಕೆ, ಹಾರಿಸುವ ಈ ಕೈಗೆ ಯಾವುದು ಹೊಂದುತ್ತದೆ?" ಎಂಬುದು.

ಮೂರು ಪ್ರೊಪೆಲ್ಲರ್, ಮೂರು ಪರೀಕ್ಷೆ

9×6 ಪಕ್ಕಕ್ಕಿಟ್ಟೆವು. ಉಳಿದದ್ದು 8×4, 7×6 ಮತ್ತು 8×5. ಊರ ಹೊರಗಿನ ಬಯಲಿಗೆ ಭಾನುವಾರ ಬೆಳಿಗ್ಗೆ, ಗಾಳಿ ಏಳುವ ಮೊದಲೇ ಹೋದೆವು. ವಿಮಾನ ಹಿಡಿದು ಬಿಡುವುದು ನನ್ನ ಮಗನ ಕೆಲಸ, ಹಾರಿಸುವುದು ನನ್ನದು, ಗಡಿಯಾರ ಹಿಡಿದು ಹತ್ತು ಸುತ್ತು ಎಣಿಸುವುದು ಮೊಮ್ಮಗಳದು. ಮಗ ಒಂದು ಪುಟ್ಟ ಯಂತ್ರ ತಂದಿದ್ದ. ಅದನ್ನು ತಿರುಗುವ ಪ್ರೊಪೆಲ್ಲರಿನತ್ತ ಹಿಡಿದರೆ ನಿಮಿಷಕ್ಕೆ ಎಷ್ಟು ಸುತ್ತೆಂದು ಹೇಳುತ್ತದೆ.

ಮೊದಲು 8×4. ನೆಲದ ಮೇಲೆ 9,000 ಸುತ್ತು. ಹತ್ತು ಸುತ್ತಿಗೆ 52 ಸೆಕೆಂಡು, ಅಂದರೆ ಗಂಟೆಗೆ 52 ಕಿ.ಮೀ. ಲೆಕ್ಕ ಹಾಕಿದರೆ ಕೈಗೆ ಬರುವ ಎಳೆತ ಸುಮಾರು 700 ಗ್ರಾಂ ತೂಕದಷ್ಟು. ನಿಧಾನ, ನೋಡಲು ಚೆಂದ. ಆದರೆ ಸಣ್ಣ ಗಾಳಿ ಬಂದಾಗ ತಂತಿ ಮೆತ್ತಗಾದದ್ದು ನನ್ನ ಬೆರಳಿಗೆ ಗೊತ್ತಾಯಿತು.

ಎರಡನೆಯದು 7×6. ನೆಲದ ಮೇಲೆ 9,400. ಹತ್ತು ಸುತ್ತಿಗೆ 39 ಸೆಕೆಂಡು, ಗಂಟೆಗೆ 70 ಕಿ.ಮೀ. ಎಳೆತ ಒಂದೂಕಾಲು ಕೆ.ಜಿ.ಯಷ್ಟು. ತಂತಿ ವೀಣೆಯ ತಂತಿಯಂತೆ ಬಿಗಿ. ಆದರೆ ನಾಲ್ಕು ಸೆಕೆಂಡಿಗೊಂದು ಸುತ್ತು ಎಂದರೆ ಹೊಸಬರಿಗೆ ಯೋಚಿಸಲು ಸಮಯವೇ ಇರುವುದಿಲ್ಲ. ಇಳಿಯುವ ಹೊತ್ತಿಗೆ ನನಗೇ ತಲೆ ತಿರುಗುತ್ತಿತ್ತು.

ಮೂರನೆಯದು 8×5. ನೆಲದ ಮೇಲೆ 8,400. ಹತ್ತು ಸುತ್ತಿಗೆ 45 ಸೆಕೆಂಡು, ಗಂಟೆಗೆ 60 ಕಿ.ಮೀ. ಎಳೆತ ಒಂದು ಕೆ.ಜಿ.ಗೆ ತುಸು ಕಡಿಮೆ. ಎಂಜಿನ್ ದಣಿಯಲಿಲ್ಲ, ತಂತಿ ಜೋಲಲಿಲ್ಲ, ತಲೆ ತಿರುಗಲಿಲ್ಲ. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಅದರ ಮುಂದೆ ಒಂದು ನಕ್ಷತ್ರ ಬರೆದಳು. "ಮಧ್ಯದ್ದೇ ಗೆದ್ದಿತು ತಾತ."

ನಿಮ್ಮ ವಿಮಾನಕ್ಕೆ ಇದೇ ಸರಿಯೆಂದು ನಾನು ಹೇಳಲಾರೆ. ವಿಮಾನ ಭಾರವಿದ್ದರೆ, ತಂತಿ ಉದ್ದವಿದ್ದರೆ ಉತ್ತರ ಬದಲಾಗುತ್ತದೆ. ರೂಢಿಯ ಅಳತೆಯಿಂದ ಶುರುಮಾಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ. ಇನ್ನೊಂದು ಮಾತು: ಗಾಳಿಯಲ್ಲಿ ಮುನ್ನುಗ್ಗುವಾಗ ಪ್ರೊಪೆಲ್ಲರಿನ ಹೊರೆ ಸ್ವಲ್ಪ ಹಗುರಾಗಿ ಎಂಜಿನ್ ಇನ್ನಷ್ಟು ಬೇಗ ತಿರುಗುತ್ತದೆ. ನೆಲದ ಮೇಲೆಯೇ ಕೊನೆಯ ಹನಿಯವರೆಗೆ ಹಿಂಡಬೇಡಿ.

ಹಾಕುವ ಮುನ್ನ

ಪ್ರೊಪೆಲ್ಲರಿನ ಎರಡು ಅಲಗುಗಳೂ ಸಮತೂಕವಿರಬೇಕು. ನಡುವಿನ ತೂತಿಗೆ ನುಣುಪಾದ ಕಡ್ಡಿ ತೂರಿಸಿ, ಅಡ್ಡಲಾಗಿ ಹಿಡಿದು ಬಿಡಿ. ಒಂದು ಕಡೆ ಇಳಿದರೆ ಆ ಅಲಗು ಭಾರ. ಅದರ ಹಿಂಬದಿಯನ್ನು ಉಪ್ಪುಕಾಗದದಿಂದ ತುಸು ತುಸುವೇ ಉಜ್ಜಬೇಕು. ಸಮತೂಕ ತಪ್ಪಿದರೆ ಎಂಜಿನ್ ನಡುಗಿ ತಿರುಪುಗಳು ಸಡಿಲವಾಗುತ್ತವೆ, ಟ್ಯಾಂಕಿನ ಇಂಧನ ಮಜ್ಜಿಗೆಯಂತೆ ನೊರೆಯೇಳುತ್ತದೆ.

ನೈಲಾನ್ ಪ್ರೊಪೆಲ್ಲರ್ ಒಣಗಿ ಹಳೆಯದಾದರೆ ಸಿಡುಕುತ್ತದೆ. ಅದನ್ನು ನೀರಿನಲ್ಲಿ ಕುದಿಸಿದರೆ ನೀರು ಹೀರಿ ಗಟ್ಟಿಮುಟ್ಟಾಗುತ್ತದೆ. ನಾನು ಹಾಗೆ ಕುದಿಸುತ್ತಿದ್ದಾಗ ನನ್ನ ಹೆಂಡತಿ ಅಡುಗೆಮನೆಗೆ ಬಂದು, "ಏನ್ರೀ ಇದು, ನನ್ನ ಸಾರಿನ ಪಾತ್ರೇಲಿ ಫ್ಯಾನ್ ಬೇಯಿಸ್ತಿದ್ದೀರಾ?" ಎಂದಳು. ಪಾತ್ರೆ ಬೇರೆ ಇಟ್ಟುಕೊಳ್ಳಿ. ಬಿರುಕು ಬಿಟ್ಟದ್ದನ್ನು ಮಾತ್ರ ಕುದಿಸುವುದಲ್ಲ, ಬಿಸಾಡಬೇಕು. ಅಂಟಿಸಿ ಬಳಸುವ ಉಳಿತಾಯ ಬೇಡ.

ಎಂಜಿನ್ ನಿಂತಾಗ ಅಲಗುಗಳು ಅಡ್ಡಲಾಗಿ ನಿಲ್ಲುವಂತೆ ಕೂರಿಸಿ. ಇಳಿಯುವಾಗ ನೆಲಕ್ಕೆ ತಾಗಿ ಮುರಿಯುವುದು ತಪ್ಪುತ್ತದೆ.

ಮಕ್ಕಳೇ, ಈ ಮೂರು ಮಾತು ಮರೆಯಬೇಡಿ. ಇಂಧನ ಬೆರೆಸುವುದು, ಎಂಜಿನ್ ಚಾಲೂ ಮಾಡುವುದು ದೊಡ್ಡವರ ಕೆಲಸ. ಈಥರ್ ಬೇಗ ಹೊತ್ತಿಕೊಳ್ಳುತ್ತದೆ, ಅದರ ಆವಿ ಮತ್ತು ಬರಿಸುತ್ತದೆ. ತಿರುಗುವ ಪ್ರೊಪೆಲ್ಲರಿನ ಪಕ್ಕಕ್ಕೆ ನಿಲ್ಲಬಾರದು, ತುಂಡು ಸಿಡಿದರೆ ಹಾರುವುದು ಆ ದಿಕ್ಕಿಗೇ. ಕರೆಂಟಿನ ತಂತಿ ಇರುವ ಕಡೆ ಈ ವಿಮಾನವನ್ನು ಯಾವತ್ತೂ ಹಾರಿಸಬಾರದು. ನಿಮ್ಮ ಕೈಯಲ್ಲಿರುವುದು ಉಕ್ಕಿನ ತಂತಿ. ಅದು ಕರೆಂಟಿಗೆ ತಾಗಿದರೆ ಪ್ರಾಣವೇ ಹೋಗುತ್ತದೆ.

ಒಂದು ಫೋನ್ ಕರೆ

ಪ್ರೊಪೆಲ್ಲರ್ ಆರಿಸಿದ್ದಾಯಿತು. ಆದರೆ ಮೊಮ್ಮಗಳ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಲೆಕ್ಕ ತಾಳೆಯಾಗದಿದ್ದರೆ ಹಳೆಯ ಗುಮಾಸ್ತನಿಗೆ ನಿದ್ದೆ ಬರುವುದಿಲ್ಲ. ಐವತ್ತು ವರ್ಷ ದಾಟಿದ ಲೆಕ್ಕ.

ಗೆಳೆಯ ಮೇಷ್ಟರಾಗಿ ನಿವೃತ್ತನಾಗಿ ತುಮಕೂರಿನಲ್ಲಿದ್ದಾನೆ. ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದ. ಆ ದಿನದ ಮಾತು ಮಾತ್ರ ನಾವಿಬ್ಬರೂ ಎತ್ತುತ್ತಿರಲಿಲ್ಲ. ಫೋನ್ ಮಾಡಿ, ಮೊಮ್ಮಗಳಿಗೆ ವಿಮಾನ ಕಲಿಸುತ್ತಿದ್ದೇನೆ ಎಂದೆ. "ಒಳ್ಳೇದಾಯ್ತು ಕಣೋ. ನನಗಂತೂ ಅದು ಒಗ್ಗಲಿಲ್ಲ. ನನ್ನ ಕೈ ಸರಿಯಿಲ್ಲ ಬಿಡು" ಎಂದು ನಕ್ಕ.

ಆ ನಗು ಕೇಳಿದ ಮೇಲೆ ಹೇಳದೆ ಇರಲಾಗಲಿಲ್ಲ. ಪ್ರೊಪೆಲ್ಲರ್ ಬದಲಿಸಿದ್ದು, ತಿರುಪು ಬಿಗಿ ಮಾಡಿದ್ದು, ತುಂಡನ್ನು ಜೇಬಿಗೆ ಹಾಕಿಕೊಂಡದ್ದು, ಎಲ್ಲ ಹೇಳಿದೆ. ಆ ಕಡೆಯಿಂದ ಸದ್ದಿಲ್ಲ. ಫೋನ್ ಕಟ್ಟಾಯಿತೇನೋ ಎಂದುಕೊಂಡೆ.

"ಎಷ್ಟು ಅಂದೆ?"

"ಒಂಬತ್ತು-ಆರು."

"ಒಂದೂವರೆ ಸಿಸಿಗೆ ಒಂಬತ್ತು-ಆರಾ? ಅದು ಮೂರೂವರೆ ಸಿಸಿಗೆ ಹಾಕೋದಲ್ವೇನೋ, ಮುಠ್ಠಾಳ!"

ಬೈದನಲ್ಲ ಎಂದು ನನಗೆ ಸಮಾಧಾನವಾಯಿತು. ಆದರೆ ಆಮೇಲೆ ಅವನು ಮೆಲ್ಲಗೆ ಹೇಳಿದ, "ಅವತ್ತೇ ಹೇಳಬೇಕಿತ್ತು ಕಣೋ ನೀನು." ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅವನು ಮೊದಲ ಬಸ್ಸಿಗೇ ಬಂದಿಳಿದ. ಹಿಡಿ ಕೊಡಲು ಹೋದರೆ, "ನನಗೆ ತಲೆ ತಿರುಗುತ್ತೆ, ಹುಡುಗಿ ಹಾರಿಸಲಿ" ಎಂದ. ಮೊಮ್ಮಗಳು ನಡುವೆ ನಿಂತಳು. ಅವನು ಅವಳ ಹಿಂದೆ ನಿಂತು ಮಣಿಕಟ್ಟು ಹಿಡಿದ. "ಅಕ್ಕಪಕ್ಕ ನೋಡಬೇಡಮ್ಮ, ವಿಮಾನ ಒಂದನ್ನೇ ನೋಡು." ನಾನು ಎಂಜಿನ್ ಚಾಲೂ ಮಾಡಿದೆ. 8×5.

ಆರನೇ ಸುತ್ತಿನಲ್ಲಿ ಗಾಳಿ ಬೀಸಿತು. ವಿಮಾನ ಒಳಗೆ ಸರಿಯಿತು, ತಂತಿ ಒಂದು ಕ್ಷಣ ಮೆತ್ತಗಾಯಿತು. "ಹಿಂದಕ್ಕೆ!" ಎಂದ ಗೆಳೆಯ. ಇಬ್ಬರೂ ಮೂರು ಹೆಜ್ಜೆ ಹಿಂದಕ್ಕೆ ಹೋದರು. ತಂತಿ ಮತ್ತೆ ಬಿಗಿಯಾಯಿತು. ವಿಮಾನ ಭುಜದ ಎತ್ತರದಲ್ಲಿ ಗೆರೆ ಎಳೆದಂತೆ ಮುಂದುವರಿಯಿತು. ಅವತ್ತು ಅವನು ಓಡಿದ್ದೂ ಹೀಗೇ ಹಿಂದಕ್ಕೆ. ಅವನ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ.

ಇಂಧನ ಮುಗಿದು ವಿಮಾನ ಮೆಲ್ಲಗೆ ಇಳಿಯಿತು. ಪ್ರೊಪೆಲ್ಲರ್ ಅಡ್ಡಲಾಗಿಯೇ ನಿಂತಿತ್ತು. ಮೊಮ್ಮಗಳು ಕುಣಿಯುತ್ತಾ ಅದರ ಕಡೆಗೆ ಓಡಿದಳು. ನಾನು ಡಬ್ಬದಿಂದ ಆ ಮರದ ತುಂಡು ತೆಗೆದು ಗೆಳೆಯನ ಕೈಗೆ ಕೊಟ್ಟೆ. ಅವನು ಕನ್ನಡಕ ಸರಿಮಾಡಿಕೊಂಡು ಅಂಕಿಗಳನ್ನು ಓದಿದ. ಏನೂ ಹೇಳದೆ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, "ನಡಿ, ಎಲ್ಲಾದರೂ ಒಳ್ಳೇ ಕಾಫಿ ಕುಡಿಸು" ಎಂದ.